ಗೋಡೆಗೆ ಏರಿದ ಫೋಟೊ, ಅದರ ಕೆಳಗಿನ ಚೀಟಿ

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿ ಬಾಗಿಲು ತೆರೆದದ್ದು 2023ರ ಫೆಬ್ರುವರಿಯಲ್ಲಿ. ಈಗ ಅದು ಎಲ್ಲರ ಬಾಯಲ್ಲೂ ‘ಮ್ಯಾಪ್’. ಅದಾದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೇ ಬದಲಾಗಿದೆ. ಮೊದಲೆಲ್ಲ ಯಾವ ಕ್ಯಾಮೆರಾ ಕೊಳ್ಳಲಿ, ಯಾವ ಲೆನ್ಸ್ ಒಳ್ಳೆಯದು ಎಂಬ ಪ್ರಶ್ನೆಗಳೇ. ಈಗ ಪ್ರದರ್ಶನ ನೋಡಿ ಬಂದವರು, ನೋಡಿ ಸಿಟ್ಟಾದವರು, ತಾವೇ ಒಂದು ಪ್ರದರ್ಶನ ಇಡಲು ಹೊರಟವರು ಬರೆಯುತ್ತಿದ್ದಾರೆ. ಲೆನ್ಸಿನ ಪತ್ರಗಳಿಗೆ ಮುಂದಿನ ಸಲ ಉತ್ತರಿಸುತ್ತೇನೆ.

ನಮ್ಮ ಪ್ರೌಢಶಾಲೆಯ ಮಕ್ಕಳನ್ನು ಮ್ಯಾಪ್‌ಗೆ ಕರೆದೊಯ್ಯುವ ಯೋಚನೆಯಿದೆ. ‘ಮೊಬೈಲಿನಲ್ಲೇ ದಿನಕ್ಕೆ ಸಾವಿರ ಫೋಟೊ ನೋಡುತ್ತಾರೆ, ಅಲ್ಲಿ ಹೋಗಿ ಇನ್ನೇನು ನೋಡುವುದು?’ ಎಂದು ಮುಖ್ಯೋಪಾಧ್ಯಾಯರು ಕೇಳುತ್ತಿದ್ದಾರೆ. ಏನು ಹೇಳಲಿ?
— ಒಬ್ಬ ಶಿಕ್ಷಕಿ, ಚನ್ನರಾಯಪಟ್ಟಣ

ಸಾವಿರ ನೋಡುತ್ತಾರೆ ನಿಜ, ಆದರೆ ಎಲ್ಲವೂ ಅಂಗೈ ಅಗಲದ್ದೇ. ಹಿಮಾಲಯವೂ ಅಷ್ಟೇ, ಇರುವೆಯೂ ಅಷ್ಟೇ. ಒಂದರ ಮೇಲೊಂದು ಬರುವ ಕ್ರಮವನ್ನು ತೀರ್ಮಾನಿಸುವುದೂ ಯಂತ್ರವೇ. ಗೋಡೆಯ ಮೇಲೆ ಹಾಗಲ್ಲ. ಒಂದು ಚಿತ್ರವನ್ನು ಅಂಚೆ ಕಾರ್ಡಿನಷ್ಟು ಸಣ್ಣದಾಗಿಯೇ ಇಟ್ಟಿದ್ದಾರೆಂದರೆ ನೋಡುವವರು ಹತ್ತಿರ ಬರಲಿ ಎಂದು. ಇನ್ನೊಂದನ್ನು ಆಳೆತ್ತರ ಮಾಡಿದ್ದಾರೆಂದರೆ ಎರಡು ಹೆಜ್ಜೆ ಹಿಂದೆ ಸರಿಯಲಿ ಎಂದು. ಯಾವ ಚಿತ್ರದ ಪಕ್ಕ ಯಾವುದು, ನಡುವೆ ಎಷ್ಟು ಖಾಲಿ ಜಾಗ ಎಂದು ಯಾರೋ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿರುತ್ತಾರೆ. ಮಕ್ಕಳಿಗೆ ತೋರಿಸಬೇಕಾದದ್ದು ಇದನ್ನು.

ಐದು ಮಹಡಿಯ ಕಟ್ಟಡ ಮ್ಯಾಪ್. ಹೊರಗೋಡೆಗೆ ಉಬ್ಬು ಗುರುತಿನ ಸ್ಟೀಲ್ ಹಲಗೆಗಳು. ದೂರದಿಂದ ದೊಡ್ಡ ನೀರಿನ ಟ್ಯಾಂಕಿನಂತೆ ಕಾಣುತ್ತದೆ. ವಿನ್ಯಾಸ ಮಾಡಿದ ಮ್ಯಾಥ್ಯೂ ಅಂಡ್ ಘೋಷ್ ಅವರ ಮನಸ್ಸಿನಲ್ಲಿ ಇದ್ದದ್ದೂ ಟ್ಯಾಂಕೇ. ಎಲ್ಲ ಮಹಡಿಗಳನ್ನೂ ತೋರಿಸಲು ಹೋಗಬೇಡಿ. ಒಂದು ಪ್ರದರ್ಶನ ಸಾಕು. ಅದೇ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ, ವೆಂಕಟಪ್ಪ ಗ್ಯಾಲರಿಗಳನ್ನೂ ಅದೇ ದಿನಕ್ಕೆ ತುರುಕಬೇಡಿ. ಕಾಲು ನೋಯಲು ಶುರುವಾದ ಮೇಲೆ ನೋಡಿದ್ದು ತಲೆಗೆ ಹೋಗುವುದಿಲ್ಲ.

ಒಂದು ಅಭ್ಯಾಸ ಮಾಡಿಸಿ. ಪ್ರತಿ ಮಗುವೂ ಒಂದು ಚಿತ್ರ ಆರಿಸಿಕೊಂಡು, ಪಕ್ಕದ ಚೀಟಿ ಓದದೆ, ಕಂಡದ್ದನ್ನು ಬರೆಯಲಿ. ಆಮೇಲೆ ಚೀಟಿ ಓದಲಿ. ಮ್ಯಾಪ್ ಶುರುವಾದಾಗ ಜ್ಯೋತಿ ಭಟ್ ಅವರ ಪ್ರದರ್ಶನವಿತ್ತು. ಬರೋಡಾದ ಈ ಚಿತ್ರಕಲಾವಿದರು 1960ರ ದಶಕದ ಕೊನೆಯಿಂದ ಗುಜರಾತ್, ರಾಜಸ್ಥಾನದ ಹಳ್ಳಿ ಸುತ್ತಿ, ಹೆಂಗಸರು ಮಣ್ಣಿನ ಗೋಡೆಯ ಮೇಲೆ ಬರೆಯುತ್ತಿದ್ದ ಚಿತ್ತಾರಗಳನ್ನು ಕ್ಯಾಮೆರಾದಲ್ಲಿ ಹಿಡಿದವರು. ಚೀಟಿ ಓದದ ಮಗುವಿಗೆ ಕಾಣುವುದು ಒಂದು ಚೆಂದದ ಗೋಡೆ. ಊರು, ವರ್ಷ ಓದಿದ ಮೇಲೆ ತಿಳಿಯುವುದು, ಮುಂದಿನ ಹಬ್ಬಕ್ಕೆ ಸಾರಿಸಿ ಬಳಿದಾಗ ಆ ಚಿತ್ತಾರ ಹೋಯಿತು, ಉಳಿದದ್ದು ಈ ಫೋಟೊ ಮಾತ್ರ ಎಂದು. ಚಿತ್ರ ಅದೇ, ನೋಟ ಬೇರೆ. ನಿಮ್ಮ ಮುಖ್ಯೋಪಾಧ್ಯಾಯರಿಗೂ ಇದನ್ನೇ ಹೇಳಿ.

ಸೋಮವಾರ ರಜೆ. ದೃಷ್ಟಿದೋಷ ಇರುವ ಮಕ್ಕಳಿದ್ದರೆ ಮೊದಲೇ ಫೋನ್ ಮಾಡಿ ತಿಳಿಸಿ. ಮುಟ್ಟಿ ಗ್ರಹಿಸುವಂತೆ ಮಾಡಿದ ಕಲಾಕೃತಿಗಳು ಅಲ್ಲಿವೆ.

ಗ್ಯಾಲರಿಗಳಲ್ಲಿ ಅಷ್ಟೊಂದು ಮಬ್ಬು ಏಕೆ? ಕರೆಂಟ್ ಉಳಿತಾಯವೋ, ಶೋಕಿಯೋ? ಫ್ಲ್ಯಾಶ್ ಹಾಕಿದ್ದಕ್ಕೆ ನನಗೆ ಬೈದರು.
— ಒಬ್ಬ ಓದುಗರು, ತುಮಕೂರು

ಹಳೆಯ ಪ್ರಿಂಟ್ ಬೆಳಕನ್ನು ತಡೆಯುವುದಿಲ್ಲ. ಮೊಟ್ಟೆಯ ಬಿಳಿಲೋಳೆ ಬಳಿದ ಹತ್ತೊಂಬತ್ತನೇ ಶತಮಾನದ ಕಾಗದವಿರಲಿ, ಮೊನ್ನೆ ಮೊನ್ನೆಯವರೆಗೆ ಲ್ಯಾಬ್‌ನಲ್ಲಿ ತೊಳೆಸುತ್ತಿದ್ದ ಕಲರ್ ಪ್ರಿಂಟ್ ಇರಲಿ, ಬೆಳಕಿನಲ್ಲಿ ಬಿಳಚಿಕೊಂಡದ್ದು ಕತ್ತಲೆಯಲ್ಲಿಟ್ಟರೆ ಮರಳಿ ಬರುವುದಿಲ್ಲ. ಅದಕ್ಕೇ ಇಂಥವಕ್ಕೆ ಸುಮಾರು 50 ಲಕ್ಸ್ ಬೆಳಕು ಎಂಬ ರೂಢಿ. ಕೆಲವು ತಿಂಗಳು ಗೋಡೆಯ ಮೇಲಿದ್ದು ಮತ್ತೆ ಪೆಟ್ಟಿಗೆ ಸೇರುತ್ತವೆ. ನಿಮ್ಮ ಒಂದು ಫ್ಲ್ಯಾಶಿನಿಂದ ಚಿತ್ರ ಹಾಳಾಗುತ್ತಿರಲಿಲ್ಲ, ಅದು ನಿಜ. ಆದರೆ ಪಕ್ಕದಲ್ಲಿ ಕತ್ತಲೆಗೆ ಕಣ್ಣು ಹೊಂದಿಸಿಕೊಂಡು ನಿಂತವರ ಪಾಡು? ಬೈದದ್ದು ಸರಿಯೇ.

ಟಿ.ಎಸ್. ಸತ್ಯನ್ ನಮ್ಮ ಮೈಸೂರಿನವರು. ಅವರ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡುತ್ತ ಬೆಳೆದವನು ನಾನು. ಈಗ ಅವನ್ನು ಫ್ರೇಮ್ ಹಾಕಿ ಕಲಾಕೃತಿ ಎನ್ನುತ್ತಾರೆ. ಸುದ್ದಿಯ ಫೋಟೊ ಕಲೆಯಾದದ್ದು ಯಾವಾಗ?
— ಒಬ್ಬ ನಿವೃತ್ತ ಗುಮಾಸ್ತರು, ಮೈಸೂರು

ಸತ್ಯನ್ (1923–2009) ಮಹಾರಾಜಾ ಕಾಲೇಜಿನಲ್ಲಿ ಓದಿ, 1948ರಲ್ಲಿ ಆಗಷ್ಟೇ ಶುರುವಾಗಿದ್ದ ‘ಡೆಕ್ಕನ್ ಹೆರಾಲ್ಡ್’ ಸೇರಿದರು. ಬಳಿಕ ‘ಇಲಸ್ಟ್ರೇಟೆಡ್ ವೀಕ್ಲಿ’. ಆಮೇಲೆ ಯಾರ ನೌಕರಿಯೂ ಬೇಡವೆಂದು ಸ್ವತಂತ್ರವಾಗಿ ದುಡಿದರು. ‘ಲೈಫ್’, ‘ಟೈಮ್’ ಪತ್ರಿಕೆಗಳಲ್ಲಿ ಅವರ ಚಿತ್ರಗಳು ಬಂದವು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನೆಯ ಕೆಲಸವನ್ನು ಚಿತ್ರಿಸಿದರು. 1979 ಅಂತರರಾಷ್ಟ್ರೀಯ ಮಕ್ಕಳ ವರ್ಷ; ಆಗ ಅವರ ಮಕ್ಕಳ ಚಿತ್ರಗಳ ಪ್ರದರ್ಶನವನ್ನು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಟ್ಟಡದಲ್ಲಿ ಯುನಿಸೆಫ್ ಏರ್ಪಡಿಸಿತು. ಅಂದರೆ ಅವರಿದ್ದಾಗಲೇ ಅವರ ಚಿತ್ರಗಳು ಗೋಡೆ ಏರಿದ್ದವು. ಮ್ಯಾಪ್‌ನವರು ಮೊದಲಿಗರೇನಲ್ಲ.

‘ಯಾವಾಗ’ ಎಂದು ಕೇಳಿದ್ದೀರಿ. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಫೋಟೊಗ್ರಫಿಗೆಂದೇ ಒಂದು ವಿಭಾಗ ತೆರೆದದ್ದು 1940ರಲ್ಲಿ. ಲಂಡನ್ನಿನಲ್ಲಿ ಫೋಟೊಗ್ರಾಫರ್ಸ್ ಗ್ಯಾಲರಿ ಬಂದದ್ದು 1971ರಲ್ಲಿ. ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು 1974ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಸೆಂಟರ್ ಆಫ್ ಫೋಟೊಗ್ರಫಿ. ಅದನ್ನು ಕಟ್ಟಿದ ಕಾರ್ನೆಲ್ ಕಾಪಾ ಸ್ವತಃ ‘ಲೈಫ್’ ಪತ್ರಿಕೆಯ ಛಾಯಾಗ್ರಾಹಕ. ಅವನ ಅಣ್ಣ ರಾಬರ್ಟ್ ಕಾಪಾ 1954ರಲ್ಲಿ ಇಂಡೋಚೀನಾದಲ್ಲಿ ನೆಲಬಾಂಬ್ ತುಳಿದು ಸತ್ತ. ಯುದ್ಧಭೂಮಿಗೆ ಹೋಗಿ ಸತ್ತವರ ನೆಗೆಟಿವ್‌ಗಳು ಅವರ ಹಿಂದೆಯೇ ಕಾಣೆಯಾಗಬಾರದು, ಅವನ್ನು ಕಾಯುವ ಒಂದು ಮನೆ ಬೇಕು ಎಂಬುದು ತಮ್ಮನ ಹಟ. ಸುದ್ದಿಯ ಚಿತ್ರಗಳನ್ನು ಗೋಡೆಗೆ ಏರಿಸಿದ್ದರಲ್ಲಿ ಕಲೆಯ ಚರ್ಚೆಗಿಂತ ಇಂಥ ಸಂಕಟದ ಪಾಲೇ ಹೆಚ್ಚು ಎಂದು ನನಗೆ ಅನಿಸುತ್ತದೆ.

ಪತ್ರಿಕೆಯಲ್ಲಿ ಫೋಟೊ ಕಾಲಂ ಅಗಲಕ್ಕೆ ಕತ್ತರಿಸಿಕೊಂಡು, ಸುದ್ದಿಯ ಜೊತೆ ಬಂದು, ಮರುದಿನ ಪೊಟ್ಟಣ ಕಟ್ಟಲು ಹೋಗುತ್ತದೆ. ಗೋಡೆಯ ಮೇಲೆ ಪೂರ್ತಿ ಚೌಕಟ್ಟು ಕಾಣುತ್ತದೆ. ಸುದ್ದಿ ಸತ್ತ ಮೇಲೂ ಚಿತ್ರದಲ್ಲಿ ಏನಾದರೂ ಉಳಿದಿದೆಯೇ ಎಂಬ ಪರೀಕ್ಷೆಯೂ ಅಲ್ಲೇ ಆಗುತ್ತದೆ. ಎಲ್ಲ ಸುದ್ದಿಚಿತ್ರಗಳೂ ಅದರಲ್ಲಿ ಪಾಸಾಗುವುದಿಲ್ಲ. ಸತ್ಯನ್ ಅವರವು ಆಗುತ್ತವೆ, ಏಕೆಂದರೆ ಅವರ ಕಣ್ಣು ಹೆಚ್ಚಾಗಿ ಇದ್ದದ್ದು ವೇದಿಕೆಯ ಕಡೆಗಲ್ಲ, ಸಾಮಾನ್ಯ ಜನರ ಕಡೆಗೆ. ಅವರ ಸಂಗ್ರಹ ಈಗ ಮ್ಯಾಪ್‌ನಲ್ಲಿದೆ, ಪ್ರದರ್ಶನವೂ ಆಗಿದೆ. ನೀವು ಕತ್ತರಿಸಿಟ್ಟ ಹಳೆಯ ಪತ್ರಿಕೆಗಳಿದ್ದರೆ ಎಸೆಯಬೇಡಿ. ಯಾವ ಚಿತ್ರ, ಯಾವ ದಿನ, ಯಾವ ಶೀರ್ಷಿಕೆಯಡಿ ಅಚ್ಚಾಗಿತ್ತು ಎಂಬುದು ನೆಗೆಟಿವ್ ನೋಡಿದರೆ ಗೊತ್ತಾಗುವುದಿಲ್ಲ.

ತಂದೆಯವರು ಸಾಗರದಲ್ಲಿ ಫೋಟೊ ಸ್ಟುಡಿಯೊ ನಡೆಸುತ್ತಿದ್ದರು. ಎರಡು ಟ್ರಂಕ್ ನೆಗೆಟಿವ್ ಇವೆ, ಕೆಲವಕ್ಕೆ ಬೂಷ್ಟು ಹಿಡಿದಿದೆ. ರದ್ದಿಗೆ ಹಾಕಲು ಮನಸ್ಸಿಲ್ಲ. ಯಾವುದಾದರೂ ಮ್ಯೂಸಿಯಂ ತೆಗೆದುಕೊಳ್ಳುತ್ತದೆಯೇ?
— ಒಬ್ಬ ಓದುಗರು, ಸಾಗರ

ಮೊದಲು ಟ್ರಂಕಿನ ಮಾತು, ಮ್ಯೂಸಿಯಂ ಆಮೇಲೆ.

ಬೂಷ್ಟು ಹಿಡಿದ ನೆಗೆಟಿವ್‌ಗೆ ಯಾವ ಕಾರಣಕ್ಕೂ ನೀರು ಸೋಕಿಸಬೇಡಿ. ಬೂಷ್ಟು ಫಿಲಂ ಮೇಲಿನ ಜಿಲಟಿನ್ ಪದರವನ್ನು ತಿಂದು ಸಡಿಲ ಮಾಡಿರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬೂಷ್ಟಿನ ಜೊತೆ ಚಿತ್ರವೂ ಬಟ್ಟೆಗೆ ಬರುತ್ತದೆ. ಒಣ ಹವೆಯ ಕೋಣೆಯಲ್ಲಿ ಹರಡಿ, ಪೂರ್ತಿ ಒಣಗಿದ ಮೇಲೆ ಮೆತ್ತನೆಯ ಬ್ರಷ್ಷಿನಿಂದ ಹಗುರವಾಗಿ ಸವರಿ. ಮೂಗಿಗೆ ಮಾಸ್ಕ್ ಇರಲಿ. ಬಿಸಿಲಿಗೆ ಇಡಬೇಡಿ. ವಿನೆಗರ್ ವಾಸನೆ ಬರುವ ಫಿಲಂಗಳಿದ್ದರೆ ಬೇರೆ ಪೆಟ್ಟಿಗೆಗೆ ಹಾಕಿ; ಅಸಿಟೇಟ್ ಫಿಲಂ ಕೊಳೆಯತೊಡಗಿದರೆ ಅದರ ಆವಿ ಪಕ್ಕದವನ್ನೂ ಕೆಡಿಸುತ್ತದೆ. ಹಳೆಯ ಪ್ಲಾಸ್ಟಿಕ್ ಆಲ್ಬಂ ಹಾಳೆಗಳು ಬೇಡ. ಆಮ್ಲರಹಿತ ಕಾಗದದ ಲಕೋಟೆ ಸಿಕ್ಕರೆ ಉತ್ತಮ. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಹಾಕಿ, ಮಳೆಗಾಲದಲ್ಲಿ ಆಗಾಗ ಬದಲಿಸಿ. ಮಲೆನಾಡಿನ ಜೂನ್–ಆಗಸ್ಟ್‌ಗಿಂತ ದೊಡ್ಡ ಶತ್ರು ನಿಮ್ಮ ಟ್ರಂಕಿಗೆ ಇಲ್ಲ. ಅಟ್ಟದಿಂದ ಇಳಿಸಿ, ಗೋಡೆಗೆ ತಾಗದಂತೆ ಇಡಿ.

ಇನ್ನು ನೀವು ಬರೆಯದೇ ಇದ್ದ ವಿಷಯ. ತಂದೆಯವರ ಬಿಲ್ ಪುಸ್ತಕಗಳು, ಆರ್ಡರ್ ಬರೆದಿಟ್ಟ ನೋಟ್‌ಬುಕ್‌ಗಳು, ನೆಗೆಟಿವ್ ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ಗೀಚಿದ ಹೆಸರು, ನಂಬರು ಎಲ್ಲಿವೆ? ರದ್ದಿಗೆ ಹೋಗುವುದು ಮೊದಲು ಅವೇ. ಆದರೆ ಅವಿಲ್ಲದಿದ್ದರೆ ನಿಮ್ಮ ಟ್ರಂಕಿನಲ್ಲಿರುವುದು ಬರೀ ಮುಖಗಳು. ಅವಿದ್ದರೆ ಒಂದು ತಾಲ್ಲೂಕಿನ ಚರಿತ್ರೆ: ಯಾರಿಗೆ ಯಾವ ವರ್ಷ ಪಾಸ್‌ಪೋರ್ಟ್ ಸೈಜ್ ಫೋಟೊ ಬೇಕಾಯಿತು, ಮದುವೆಯ ಫೋಟೊಕ್ಕೆ ಎಷ್ಟು ಕೊಟ್ಟರು, ಪರದೆಯ ಮೇಲೆ ಬರೆಸಿದ್ದು ಯಾವ ಅರಮನೆ, ಯಾವ ತೋಟ. ತಂದೆಯವರ ಜೊತೆ ಕೆಲಸ ಮಾಡಿದವರು, ಡಾರ್ಕ್ ರೂಮಿನಲ್ಲಿ ಪ್ರಿಂಟ್ ಹಾಕುತ್ತಿದ್ದವರು ಇನ್ನೂ ಇದ್ದರೆ ಈ ವಾರವೇ ಹೋಗಿ, ಕೂತು, ಮಾತಾಡಿಸಿ, ರೆಕಾರ್ಡ್ ಮಾಡಿಕೊಳ್ಳಿ. ಸ್ಕ್ಯಾನ್ ಮುಂದಿನ ತಿಂಗಳಾದರೂ ಆದೀತು.

ಮ್ಯೂಸಿಯಂಗಳು ಇಂಥವನ್ನು ತೆಗೆದುಕೊಂಡದ್ದುಂಟು. ಮಧ್ಯಪ್ರದೇಶದ ನಾಗ್ದಾ ಎಂಬ ಕಾರ್ಖಾನೆ ಊರಿನಲ್ಲಿ ಸುರೇಶ್ ಪಂಜಾಬಿ ಎಂಬವರು ಸುಹಾಗ್ ಸ್ಟುಡಿಯೊ ನಡೆಸುತ್ತಿದ್ದರು. ಮಾನವಶಾಸ್ತ್ರಜ್ಞ ಕ್ರಿಸ್ಟೊಫರ್ ಪಿನ್ನಿ ಅದರ ಬಗ್ಗೆ ಪುಸ್ತಕ ಬರೆದರು; ಆ ಸ್ಟುಡಿಯೊದ ಚಿತ್ರಗಳು ಈಗ ಮ್ಯಾಪ್ ಸಂಗ್ರಹದಲ್ಲಿವೆ. ಹಾಗೆಂದು ಟ್ರಂಕ್ ಹೊತ್ತುಕೊಂಡು ಬೆಂಗಳೂರಿಗೆ ಹೊರಡಬೇಡಿ. ಒಂದಿಪ್ಪತ್ತು ನೆಗೆಟಿವ್ ಸ್ಕ್ಯಾನ್ ಮಾಡಿಸಿ, ಪ್ರತಿಯೊಂದಕ್ಕೂ ಗೊತ್ತಿದ್ದಷ್ಟು ವಿವರ ಬರೆದು, ಒಟ್ಟು ಏನೇನಿದೆ ಎಂಬ ಪಟ್ಟಿಯ ಜೊತೆ ಪತ್ರ ಹಾಕಿ. ಉತ್ತರ ಬಂದರೆ ಕೊಡುವುದು ದಾನವೋ, ಮಾರಾಟವೋ, ಎರವಲೋ ಎಂಬುದನ್ನು ಬರಹದಲ್ಲಿ ಮಾಡಿಕೊಳ್ಳಿ.

ಒಂದು ತೊಡಕು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಹಣ ಕೊಟ್ಟು ತೆಗೆಸಿಕೊಂಡ ಫೋಟೊದ ಮೊದಲ ಹಕ್ಕುದಾರರು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿಕೊಂಡವರೇ. ಅಂದರೆ ಟ್ರಂಕ್ ನಿಮ್ಮದು, ನೆಗೆಟಿವ್ ನಿಮ್ಮದು, ಚಿತ್ರದ ಹಕ್ಕು ಬಹುಪಾಲು ಗಿರಾಕಿಗಳದ್ದು. ಕಾನೂನಿನ ಮಾತು ಬಿಟ್ಟರೂ, ಮುರಿದುಬಿದ್ದ ಮದುವೆಯ ಚಿತ್ರವನ್ನು ಊರವರೆಲ್ಲ ನೋಡುವ ಗೋಡೆಗೆ ಹಾಕುವ ಮೊದಲು ಆ ಮನೆಯವರನ್ನು ಕೇಳುವುದು ಮರ್ಯಾದೆ. ಕೇಳಲು ಯಾರದೆಂದು ತಿಳಿಯಬೇಕಲ್ಲ, ಅದಕ್ಕೂ ಬೇಕಾಗುವುದು ಅದೇ ಬಿಲ್ ಪುಸ್ತಕ.

ನಮ್ಮ ಹಳೇಬೀಡನ್ನು ಕ್ಯಾಮೆರಾದಲ್ಲಿ ಹಿಡಿದ ಅತಿ ಹಳೆಯ ಚಿತ್ರಗಳು ಯಾರವು?
— ಒಬ್ಬ ಗೈಡ್, ಬೇಲೂರು

ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ಲಿನಿಯಸ್ ಟ್ರೈಪ್ 1854ರ ಡಿಸೆಂಬರಿನಲ್ಲಿ ಹಳೇಬೀಡು, ಬೇಲೂರುಗಳಲ್ಲಿ ತೆಗೆದವು, ಉಳಿದಿರುವ ಅತಿ ಹಳೆಯವುಗಳ ಸಾಲಿಗೆ ಸೇರುತ್ತವೆ. 1855ರಲ್ಲಿ ಮದ್ರಾಸಿನಲ್ಲಿ ನಡೆದ ದೊಡ್ಡ ವಸ್ತುಪ್ರದರ್ಶನದಲ್ಲಿ ಟ್ರೈಪ್ 68 ಚಿತ್ರಗಳನ್ನಿಟ್ಟು ತೀರ್ಪುಗಾರರ ಮೆಚ್ಚುಗೆ ಗಳಿಸಿದ. ಫೋಟೊ ಪ್ರದರ್ಶನ ನಮ್ಮಲ್ಲಿ ನಿನ್ನೆಯ ಶೋಕಿ ಎನ್ನುವವರಿಗೆ ಇದನ್ನು ಹೇಳಿ. ಎಐ ಬಂದು ಫೋಟೊದ ನಿಜ ಕೆಟ್ಟುಹೋಯಿತು ಎನ್ನುವವರಿಗೆ ಇನ್ನೊಂದು: ಟ್ರೈಪ್ ತನ್ನ ಕಾಗದದ ನೆಗೆಟಿವ್‌ಗಳ ಮೇಲೆ ಬಣ್ಣ ತೀಡಿ ಆಕಾಶಕ್ಕೆ ಮೋಡ, ಮರಗಳಿಗೆ ಎಲೆ ಸೇರಿಸುತ್ತಿದ್ದ.

ಹಂಪಿಯನ್ನು 1856ರ ಹೊತ್ತಿಗೆ ಹೀಗೆ ಕ್ಯಾಮೆರಾದಲ್ಲಿ ಹಿಡಿದವನು ಅಲೆಕ್ಸಾಂಡರ್ ಗ್ರೀನ್‌ಲಾ. ಮೇಣ ಹಚ್ಚಿದ ಕಾಗದದ ದೊಡ್ಡ ನೆಗೆಟಿವ್‌ಗಳು ಅವನವು. 1983ರಲ್ಲಿ ಮೆಲ್ಬರ್ನಿನ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ದೆಹಲಿಯ ಅಲ್ಕಾಜಿ ಫೌಂಡೇಶನ್ 2008ರಲ್ಲಿ ತಂದ ವಿಜಯನಗರದ ಪುಸ್ತಕದಲ್ಲಿ ಗ್ರೀನ್‌ಲಾ ಚಿತ್ರಗಳಿವೆ. ನೀವು ಗೈಡ್ ಅಂದಿರಿ, ಹಾಗಾಗಿ ಒಂದು ಮಾತು: ಆ ಕಾಲದ ದೇವಾಲಯದ ಚಿತ್ರಗಳಲ್ಲಿ ಕಂಬದ ಪಕ್ಕ ಎತ್ತರ ತಿಳಿಯಲೆಂದು ಒಬ್ಬ ಆಳನ್ನು ನಿಲ್ಲಿಸಿರುತ್ತಾರೆ. ದೇವಾಲಯದ ಹೆಸರು ಚೀಟಿಯಲ್ಲಿರುತ್ತದೆ, ತೆಗೆದ ದೊರೆಯ ಹೆಸರಿರುತ್ತದೆ. ಆಳಿನ ಹೆಸರನ್ನು ಯಾರೂ ಕೇಳಲಿಲ್ಲ.

ಅನೇಕ ಸಲೂನ್‌ಗಳಲ್ಲಿ ನನ್ನ ಚಿತ್ರಗಳಿಗೆ ಅಕ್ಸೆಪ್ಟೆನ್ಸ್ ಸಿಕ್ಕಿದೆ, ಎಎಫ್‌ಐಎಪಿ ಬಿರುದೂ ಇದೆ. ಗ್ಯಾಲರಿಗಳಿಗೆ ಬರೆದರೆ ಉತ್ತರವೇ ಇಲ್ಲ. ಏನು ಕೊರತೆ?
— ಒಬ್ಬ ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ

ಕೊರತೆ ಇಲ್ಲ, ಬಾಗಿಲು ಬೇರೆ. ಸಲೂನ್, ಅಂದರೆ ಫೋಟೊ ಸ್ಪರ್ಧೆಗಳ ಪರಂಪರೆ ನಮ್ಮಲ್ಲಿ ಗಟ್ಟಿಯಾದದ್ದು. ನಿಮ್ಮ ಎಎಫ್‌ಐಎಪಿ ಬಿರುದು ಕೊಡುವ ಅಂತರರಾಷ್ಟ್ರೀಯ ಫೋಟೊ ಒಕ್ಕೂಟ ಶುರುವಾದದ್ದು 1950ರಲ್ಲಿ. ಭಾರತದ ಒಕ್ಕೂಟವನ್ನು 1953ರಲ್ಲಿ ಕಟ್ಟಿದ ಡಾ. ಜಿ. ಥಾಮಸ್ ಬೆಂಗಳೂರಿನವರು; ಬೆಂಗಳೂರಿನ ಯೂತ್ ಫೊಟೊಗ್ರಫಿಕ್ ಸೊಸೈಟಿ 1971ರಿಂದ ನಡೆದುಕೊಂಡು ಬಂದಿದೆ. ಈ ನಾಡಿನ ಎಷ್ಟೋ ಗುಮಾಸ್ತರು, ವೈದ್ಯರು, ಮೇಷ್ಟರು ಬೆಳಕು ಓದಲು ಕಲಿತದ್ದು ಇಂಥ ಸಂಘಗಳಲ್ಲೇ. ಕಲಾಶಾಲೆಯವರು ಇದನ್ನು ಕಂಡು ಮೂಗು ಮುರಿಯುವುದು ನನಗೆ ಹಿಡಿಸುವುದಿಲ್ಲ.

ಆದರೆ ಸಲೂನ್‌ನಲ್ಲಿ ತೀರ್ಪುಗಾರರು ಒಂದು ಚಿತ್ರಕ್ಕೆ ಕೆಲವೇ ಕ್ಷಣ ಕೊಟ್ಟು ಅಂಕ ಹಾಕುತ್ತಾರೆ. ಹಾಗಾಗಿ ಚಿತ್ರ ಒಂಟಿಯಾಗಿ, ತಕ್ಷಣ ಗೆಲ್ಲಬೇಕು. ಮೀನು ಕಚ್ಚಿದ ಮಿಂಚುಳ್ಳಿ ಅಲ್ಲಿ ಗೆಲ್ಲುತ್ತದೆ. ಗ್ಯಾಲರಿಯವರು ಕೇಳುವುದು, ಇದರ ಪಕ್ಕದ ಹದಿನೈದು ಚಿತ್ರಗಳು ಯಾವುವು, ನೀವೇ ಏಕೆ ತೆಗೆದಿರಿ ಎಂದು. ಲೇಖಕ ತೇಜಸ್ವಿಯವರ ಹಕ್ಕಿಚಿತ್ರಗಳನ್ನು ಇಂದಿಗೂ ನೋಡುತ್ತೇವಲ್ಲ, ಅವುಗಳ ಹಿಂದೆ ಮೂಡಿಗೆರೆಯ ಕಾಡೂ ಅವರ ಬರಹವೂ ಇವೆ. ನೀವು ಬ್ಯಾಂಕಿನವರು. ಪಿಂಚಣಿಯ ದಿನದ ಸಾಲು, ಹೆಬ್ಬೆಟ್ಟು ಒತ್ತುವ ಕೈ, ಲಾಕರ್ ಕೋಣೆಯಿಂದ ಹೊರಬರುವವರ ಮುಖ ಇವೆಲ್ಲ ನಿಮ್ಮಷ್ಟು ಹತ್ತಿರದಿಂದ ಯಾವ ಛಾಯಾಗ್ರಾಹಕನಿಗೂ ಸಿಗವು. ಅನುಮತಿ ಪಡೆದು, ಒಂದು ವರ್ಷ ಅದನ್ನೇ ತೆಗೆಯಿರಿ. ಮಿಂಚುಳ್ಳಿ ಎಲ್ಲಿಗೂ ಹೋಗುವುದಿಲ್ಲ.

ಪುಷ್ಪಮಾಲಾ ಎನ್. ಅವರ ಚಿತ್ರಗಳನ್ನು ನೋಡಿದೆ. ತಾವೇ ವೇಷ ಹಾಕಿಕೊಂಡು ನಿಲ್ಲುತ್ತಾರೆ, ಬಟನ್ ಒತ್ತುವವರು ಬೇರೆಯವರು. ಇದು ಫೋಟೊಗ್ರಫಿಯೋ ಕಂಪನಿ ನಾಟಕವೋ?
— ಒಬ್ಬ ಓದುಗರು, ಧಾರವಾಡ

ನಾಟಕವೇ. ಅದನ್ನು ಅವರು ಮುಚ್ಚಿಟ್ಟೂ ಇಲ್ಲ. ಬೆಂಗಳೂರಿನ ಪುಷ್ಪಮಾಲಾ ಶಿಲ್ಪಕಲೆ ಓದಿದವರು. ಕ್ಲೇರ್ ಆರ್ನಿ ಎಂಬ ಛಾಯಾಗ್ರಾಹಕಿಯ ಜೊತೆ 2000ದಿಂದ 2004ರವರೆಗೆ ಮಾಡಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಸರಣಿಯಲ್ಲಿ ಅವರು ರವಿವರ್ಮನ ಚಿತ್ರದ ಹೆಣ್ಣಾಗಿ ನಿಲ್ಲುತ್ತಾರೆ, ಇನ್ನೊಂದರಲ್ಲಿ ಚೌಕುಳಿ ಪರದೆಯ ಮುಂದೆ ಮೈ ಅಳೆಸಿಕೊಳ್ಳುವ ‘ಬುಡಕಟ್ಟು ಹೆಣ್ಣು’ ಆಗುತ್ತಾರೆ. ಬ್ರಿಟಿಷರ ಕಾಲದ ಜನಾಂಗ ಅಧ್ಯಯನದವರು ನಿಜಕ್ಕೂ ಅಂಥ ಚೌಕುಳಿಯ ಮುಂದೆ ಜನರನ್ನು ನಿಲ್ಲಿಸಿ, ಜಾತಿಯ ಹೆಸರು ಬರೆದು, ವ್ಯಕ್ತಿಯ ಹೆಸರು ಬಿಟ್ಟು ಫೋಟೊ ತೆಗೆಯುತ್ತಿದ್ದರು. ಅದೇ ಚೌಕಟ್ಟಿನಲ್ಲಿ ಹೆಸರುಳ್ಳ ಕಲಾವಿದೆಯೊಬ್ಬಳು ಬಂದು ನಿಂತಾಗ ಹಳೆಯ ಚಿತ್ರದ ಕ್ರೌರ್ಯ ಕಾಣುತ್ತದೆ. ಬಟನ್ ಒತ್ತಿದವರ ಹೆಸರೂ ಕೃತಿಯ ಜೊತೆಗಿದೆ, ಮೋಸವೇನಿಲ್ಲ. ಸಾಗರದ ಸ್ಟುಡಿಯೊದಲ್ಲಿ ಬರೆಸಿದ ಅರಮನೆಯ ಮುಂದೆ ನಿಂತವರು ಮಾಡಿದ್ದೂ ನಾಟಕವೇ ಅಲ್ಲವೇ? ಇಷ್ಟಾಗಿಯೂ ನಿಮಗೆ ಹಿಡಿಸದಿದ್ದರೆ ಸರಿ. ಹಿಡಿಸಲಿಲ್ಲ ಎಂದು ಅಲ್ಲಿನ ಅಭಿಪ್ರಾಯ ಪುಸ್ತಕದಲ್ಲಿ ಬರೆದು ಬನ್ನಿ.

ನಮ್ಮೂರ ಜಾತ್ರೆಯಲ್ಲಿ ಊರಿನ ಜನರದೇ ಫೋಟೊ ಪ್ರದರ್ಶನ ಇಡಬೇಕೆಂದಿದ್ದೇವೆ. ಹಾಲ್ ಇಲ್ಲ, ದುಡ್ಡೂ ಅಷ್ಟಕ್ಕಷ್ಟೆ. ಹೇಗೆ?
— ಯುವಕ ಮಂಡಳದವರು, ಶಿರಸಿ ತಾಲ್ಲೂಕು

ಹಾಲ್ ಇಲ್ಲದ್ದೇ ಒಳ್ಳೆಯದಾಯಿತು. 2016ರಲ್ಲಿ ಶುರುವಾದ ಚೆನ್ನೈ ಫೋಟೊ ಬಿಯನಾಲೆ ಉತ್ಸವದವರು ರೈಲು ನಿಲ್ದಾಣಗಳಲ್ಲೇ ಚಿತ್ರ ತೂಗುಹಾಕಿದರು. ಟಿಕೆಟ್ ಕೊಂಡು ರೈಲಿಗೆ ಹೊರಟವರು ಪ್ರೇಕ್ಷಕರಾದರು. ಅದರ 2019ರ ಆವೃತ್ತಿಯನ್ನು ರೂಪಿಸಿದವರು, ಮೇಲಿನ ಪತ್ರದಲ್ಲಿ ಬೈಸಿಕೊಂಡ ಪುಷ್ಪಮಾಲಾ ಅವರೇ.

ಫ್ಲೆಕ್ಸ್ ಬೇಡ. ಹೊಳಪಿಗೆ ಮುಖ ಕಾಣುವುದಿಲ್ಲ, ರಾಜ್ಯದಲ್ಲಿ 2016ರಿಂದ ಅದಕ್ಕೆ ನಿಷೇಧವೂ ಇದೆ. ಹತ್ತಿ ಬಟ್ಟೆಯ ಮೇಲೆ ಪ್ರಿಂಟ್ ಮಾಡುವವರು ಹುಬ್ಬಳ್ಳಿಯಲ್ಲಿ ಸಿಗಬಹುದು, ವಿಚಾರಿಸಿ. ಅಡಿಕೆ ದಬ್ಬೆಯ ಚೌಕಟ್ಟು ಕಟ್ಟಿ, ಗಾಳಿಗೆ ಹಾರದಂತೆ ಮೇಲೂ ಕೆಳಗೂ ಬಿಗಿಯಿರಿ. ಚಿತ್ರದ ನಡುಭಾಗ ನೆಲದಿಂದ ಸುಮಾರು 150 ಸೆಂ.ಮೀ. ಎತ್ತರದಲ್ಲಿರಲಿ, ಮಕ್ಕಳಿಗಾಗಿ ಕೆಲವನ್ನು ಕೆಳಗೂ ಹಾಕಿ. ಸಂಜೆ ಬಿಸಿಲು ಬೀಳುವ ದಿಕ್ಕನ್ನು ಹಿಂದಿನ ದಿನವೇ ನೋಡಿಕೊಳ್ಳಿ. ನೂರು ಚಿತ್ರ ಸಿಕ್ಕರೂ ಮೂವತ್ತಕ್ಕಿಂತ ಹೆಚ್ಚು ಹಾಕಬೇಡಿ. ಯಾರದನ್ನು ಬಿಟ್ಟಿರಿ ಎಂಬ ಜಗಳ ಬಂದೇ ಬರುತ್ತದೆ. ಆರಿಸುವ ಕೆಲಸವನ್ನು ಒಬ್ಬರ ತಲೆಗೆ ಕಟ್ಟಬೇಡಿ, ಮೂವರು ಸೇರಿ ಮಾಡಿ.

ಚಿತ್ರದಲ್ಲಿರುವ ಪ್ರತಿಯೊಬ್ಬರನ್ನೂ ಮೊದಲೇ ಕೇಳಿ, ಒಲ್ಲೆ ಎಂದವರದನ್ನು ತೆಗೆದುಬಿಡಿ. ಚೀಟಿಗಳು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿರಲಿ: ತೆಗೆದವರು, ಚಿತ್ರದಲ್ಲಿರುವವರು, ಜಾಗ, ವರ್ಷ. ಕವಿತೆಯ ಸಾಲು ಬೇಡ. ಹಳೆಯ ಚಿತ್ರಗಳಲ್ಲಿ ಗುರುತು ಸಿಗದವರು ಇದ್ದರೆ ಅಲ್ಲೊಂದು ಖಾಲಿ ಚೀಟಿ ಅಂಟಿಸಿ, ಪೆನ್ನು ಕಟ್ಟಿಬಿಡಿ. ಜಾತ್ರೆಗೆ ಬಂದ ಯಾವುದೋ ಅಜ್ಜಿ ತುಂಬಿಸಿಕೊಡುತ್ತಾರೆ. ಮುಗಿದ ಮೇಲೆ ಆ ಚೀಟಿಗಳ ಫೋಟೊ ತೆಗೆದು ಗ್ರಂಥಾಲಯಕ್ಕೊಂದು ಪ್ರತಿ ಕೊಡಿ, ಪ್ರಿಂಟ್‌ಗಳನ್ನು ಚಿತ್ರದಲ್ಲಿರುವವರ ಮನೆಗೇ ಮುಟ್ಟಿಸಿ.